ನೆನಪಿನ ಪದಕ ಮಾಡಿಸುವವರಿಗೆ: ಭಾವಚಿತ್ರವೋ ಸಂಕೇತವೋ, ಬಂಗಾರವೋ ಕಂಚೋ?

ಸಂಘಕ್ಕೆ ಐವತ್ತು ತುಂಬಿದೆ, ಶಾಲೆಗೆ ನೂರಾಗಿದೆ, ಊರಿನ ಹಿರಿಯ ಕಲಾವಿದರ ಹೆಸರಿನಲ್ಲಿ ದತ್ತಿನಿಧಿ ಇಟ್ಟಾಗಿದೆ. ಒಂದು ಪದಕ ಮಾಡಿಸೋಣ ಅಂತ ಸಮಿತಿ ಕೂರುತ್ತದೆ. ಅಲ್ಲಿ ಮೊದಲು ಏಳುವ ಪ್ರಶ್ನೆ ಸಾಮಾನ್ಯವಾಗಿ 'ಎಷ್ಟು ಗ್ರಾಂ?', ಎರಡನೆಯದು 'ಎಷ್ಟಾಗುತ್ತೆ?'. ಅದರ ಮೇಲೆ ಏನಿರಬೇಕು ಅನ್ನುವ ಮಾತು ಕೊನೆಗೆ ಬರುತ್ತದೆ. ಅಷ್ಟರಲ್ಲಿ ದಿನ ಹತ್ತಿರ ಬಂದಿರುತ್ತದೆ, ಟ್ರೋಫಿ ಅಂಗಡಿಯ ಕ್ಯಾಟಲಾಗ್‌ನಲ್ಲಿರುವ ಪಂಜನ್ನೋ ಎಲೆಮಾಲೆಯನ್ನೋ ಆರಿಸಿ, ನಡುವೆ ಸಂಘದ ಲಾಂಛನ ಕೂರಿಸಿ ಮುಗಿಸುತ್ತಾರೆ.

ಈ ಕ್ರಮ ತಿರುಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪದಕ ಪಡೆದವರ ಮೊಮ್ಮಕ್ಕಳು ಒಂದು ದಿನ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುವಾಗ ನಿಮ್ಮ ಸಂಘದ ಯಾರೂ ಪಕ್ಕದಲ್ಲಿ ನಿಂತು ವಿವರಿಸುವುದಿಲ್ಲ. ಯಾರು, ಯಾರಿಗೆ, ಯಾತಕ್ಕೆ, ಯಾವಾಗ ಕೊಟ್ಟರು ಅನ್ನುವುದನ್ನು ಆ ಬಿಲ್ಲೆಯೇ ಹೇಳಬೇಕು. ಹಾಗಾಗಿ ಮೊದಲು ಚಿತ್ರ, ಆಮೇಲೆ ಅಕ್ಷರ, ಆಮೇಲೆ ಅಳತೆ, ಕೊನೆಗೆ ಲೋಹ. ಕೆಳಗಿನ ಹೋಲಿಕೆಗಳನ್ನು ಅದೇ ಒಲವಿನಿಂದ ಬರೆದಿದ್ದೇನೆ.

ಭಾವಚಿತ್ರವೋ, ಸಂಕೇತವೋ?

ವ್ಯಕ್ತಿಯ ನೆನಪಿನ ಪದಕ ಅಂದ ಕೂಡಲೇ ಮುಖವೇ ಬೇಕು ಅನ್ನಿಸುತ್ತದೆ. ಯುರೋಪಿನಲ್ಲಿ ಈ ಪರಂಪರೆಗೆ ಆರು ಶತಮಾನದ ವಯಸ್ಸು. ಇಟಲಿಯ ಚಿತ್ರಕಾರ ಪಿಸಾನೆಲ್ಲೊ 1438ರ ಸುಮಾರಿಗೆ ಬೈಜಾಂಟಿಯಂ ಚಕ್ರವರ್ತಿ ಎಂಟನೆಯ ಜಾನ್‌ನ ಮುಖವನ್ನು ಎರಕದಲ್ಲಿ ಮಾಡಿದ್ದು ಆ ಬಗೆಯ ಪದಕಗಳ ಆರಂಭ ಎನ್ನುತ್ತಾರೆ. ಆ ಮುಖ ಇರುವುದು ಪಕ್ಕನೋಟದಲ್ಲಿ. ನೊಬೆಲ್ ಪದಕದ ಮೇಲಿನ ಆಲ್ಫ್ರೆಡ್ ನೊಬೆಲ್ ಮುಖವೂ ಪಕ್ಕನೋಟವೇ. ಇದಕ್ಕೆ ಕಾರಣವಿದೆ. ಪದಕದಲ್ಲಿ ಉಬ್ಬಿಗೆ ಸಿಗುವ ಎತ್ತರ ಒಂದೆರಡು ಮಿಲಿಮೀಟರ್ ಮಾತ್ರ. ಪಕ್ಕದಿಂದ ನೋಡಿದ ಮುಖದ ಗುರುತು ಹಣೆ, ಮೂಗು, ಗಲ್ಲದ ಹೊರಗೆರೆಯಲ್ಲೇ ಇರುತ್ತದೆ, ಆ ಗೆರೆಗೆ ಎತ್ತರ ಬೇಕಿಲ್ಲ. ಎದುರಿನಿಂದ ನೋಡಿದ ಮುಖದಲ್ಲಿ ಮೂಗು ಮುಂದೆ ಬರಬೇಕು, ಕಣ್ಣು ಒಳಗೆ ಹೋಗಬೇಕು. ಅಷ್ಟು ಜಾಗ ಇಲ್ಲದಿದ್ದಾಗ ಮುಖ ಚಪ್ಪಟೆಯಾಗಿ, ಯಾರದೋ ಮುಖದಂತೆ ಕಾಣುತ್ತದೆ.

ನಮ್ಮಲ್ಲಿ ಹಿರಿಯರ ಫೋಟೊಗಳೆಲ್ಲ ಎದುರಿನಿಂದ ತೆಗೆದವೇ. ಈಗ ಕೆಲವು ಕಡೆ ಆ ಫೋಟೊವನ್ನೇ ಕಂಪ್ಯೂಟರಿಗೆ ಕೊಟ್ಟು ಉಬ್ಬುಚಿತ್ರ ತೆಗೆಸುತ್ತಾರೆ. ಅಂಥ ತಂತ್ರಾಂಶಗಳಲ್ಲಿ ಹಲವು ಫೋಟೊದ ಬಿಳಿ ಭಾಗವನ್ನು ಎತ್ತರ, ಕಪ್ಪು ಭಾಗವನ್ನು ತಗ್ಗು ಎಂದು ಓದುತ್ತವೆ. ಫಲವಾಗಿ ಕಪ್ಪು ಕೂದಲು ಹಳ್ಳವಾಗುತ್ತದೆ, ಕನ್ನಡಕದ ಮೇಲೆ ಬಿದ್ದ ಬೆಳಕು ಉಬ್ಬಾಗಿ ಎದ್ದು ನಿಲ್ಲುತ್ತದೆ, ಹಣೆಯ ವಿಭೂತಿ ಮೂಗಿಗಿಂತ ಎತ್ತರವಾಗುತ್ತದೆ. ಪರದೆಯ ಮೇಲೆ ಇದು ಗೊತ್ತಾಗುವುದಿಲ್ಲ, ಲೋಹಕ್ಕೆ ಬಂದ ಮೇಲೆ ಗೊತ್ತಾಗುತ್ತದೆ. ಭಾವಚಿತ್ರವೇ ಬೇಕೆಂದರೆ ಉಬ್ಬುಶಿಲ್ಪ ಮಾಡಿ ಕೈ ಪಳಗಿರುವ ಕಲಾವಿದರಿಂದ ಜೇಡಿಮಣ್ಣಿನಲ್ಲೋ ಮೇಣದಲ್ಲೋ ಅಂಗೈ ಅಗಲದ ಮಾದರಿ ಮಾಡಿಸಿ. ಪಕ್ಕನೋಟದ ಒಂದು ಫೋಟೊ ಹುಡುಕಿಕೊಡಿ; ಮದುವೆ ಆಲ್ಬಮ್ಮುಗಳಲ್ಲಿ, ಸಭೆಯ ವೇದಿಕೆಯ ಫೋಟೊಗಳಲ್ಲಿ ಸಿಕ್ಕೇ ಸಿಗುತ್ತದೆ. ಮಾದರಿಯನ್ನು ಮನೆಯವರಿಗೆ ತೋರಿಸಿ ಒಪ್ಪಿಗೆ ಪಡೆದು, ಆಮೇಲೆ ಸ್ಕ್ಯಾನ್ ಮಾಡಿಸಿ ಚಿಕ್ಕದಾಗಿಸಿ ಅಚ್ಚು ಕೊರೆಸಿ.

ಸಂಕೇತದ ದಾರಿ ಬೇರೆ. ನಮ್ಮ ದೇಶದ ಎರಡು ಪದಕಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. 1911ರ ದೆಹಲಿ ದರ್ಬಾರ್ ಪದಕದ ಮುಂಭಾಗದಲ್ಲಿ ಕಿರೀಟ ಧರಿಸಿದ ಐದನೆಯ ಜಾರ್ಜ್ ಮತ್ತು ರಾಣಿ ಮೇರಿಯ ಮುಖಗಳಿವೆ, ಹಿಂಭಾಗದಲ್ಲಿ ಪರ್ಷಿಯನ್ ಬರಹ. 1947ರ ಭಾರತ ಸ್ವಾತಂತ್ರ್ಯ ಪದಕಕ್ಕೆ ಬಂದರೆ ಮುಖವೇ ಇಲ್ಲ. ಮುಂಭಾಗದ ನಡುವೆ ಅಶೋಕ ಚಕ್ರ, ಅದರ ಮೇಲೆ ಕಿರೀಟ, ಸುತ್ತ ಆರನೆಯ ಜಾರ್ಜ್‌ನ ಬಿರುದಾವಳಿ, ಹಿಂಭಾಗದಲ್ಲಿ ಸಾರನಾಥದ ಸಿಂಹಗಳು ಮತ್ತು 1947ರ ಆಗಸ್ಟ್ 15ರ ತಾರೀಖು. ದೇಶ ಸ್ವತಂತ್ರವಾಗಿದೆ, ಗಣರಾಜ್ಯ ಇನ್ನೂ ಆಗಿಲ್ಲ. ಆ ನಡುವಿನ ಎರಡೂವರೆ ವರ್ಷದ ಇಡೀ ಸ್ಥಿತಿ ಒಂದು ಸಣ್ಣ ಬಿಲ್ಲೆಯ ಮೇಲೆ ಕೂತಿದೆ. ಭಾವಚಿತ್ರ 'ಯಾರು' ಎಂಬುದನ್ನು ಹೇಳುತ್ತದೆ, ಸಂಕೇತ 'ಏನಾಯಿತು' ಎಂಬುದನ್ನು ಹೇಳಬಲ್ಲದು. ಘಟನೆಯ ನೆನಪಿಗೆ, ಸಂಸ್ಥೆಯ ವಾರ್ಷಿಕೋತ್ಸವಕ್ಕೆ ನಾನು ಸಂಕೇತವನ್ನೇ ಆರಿಸುತ್ತೇನೆ. ಒಬ್ಬ ವ್ಯಕ್ತಿಯ ಹೆಸರಿನ ದತ್ತಿಪದಕಕ್ಕೆ, ಒಳ್ಳೆಯ ಶಿಲ್ಪಿ ಸಿಕ್ಕರೆ ಮಾತ್ರ, ಭಾವಚಿತ್ರ.

ಯಾವ ಸಂಕೇತ?

ಇಲ್ಲಿ ನಿಧಾನಿಸಿ, ಪದಕದ ಆಯುಷ್ಯ ನಿಂತಿರುವುದೇ ಈ ಆಯ್ಕೆಯ ಮೇಲೆ.

ಪರಮವೀರ ಚಕ್ರವನ್ನು ನೋಡಿ. ಅದನ್ನು ರೂಪಿಸಿದವರು ಸಾವಿತ್ರಿ ಖಾನೋಲ್ಕರ್. 1913ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಹುಟ್ಟಿ, ಭಾರತೀಯ ಸೇನೆಯ ಅಧಿಕಾರಿ ವಿಕ್ರಮ್ ಖಾನೋಲ್ಕರ್ ಅವರನ್ನು ಮದುವೆಯಾಗಿ, ಇಲ್ಲಿನ ಪುರಾಣ, ಸಂಸ್ಕೃತ, ಕಲೆಗಳಲ್ಲಿ ಮುಳುಗಿದ್ದವರು. ಪದಕದ ಕೆಲಸವನ್ನು ಅವರಿಗೆ ಒಪ್ಪಿಸಿದವರು ಮೇಜರ್ ಜನರಲ್ ಹೀರಾ ಲಾಲ್ ಅಟಲ್. ನಡುವೆ ರಾಷ್ಟ್ರಲಾಂಛನ, ಸುತ್ತ ಇಂದ್ರನ ನಾಲ್ಕು ವಜ್ರಾಯುಧಗಳು. ವಜ್ರಾಯುಧ ಏಕೆ? ವೃತ್ರನನ್ನು ಕೊಲ್ಲಲು ದಧೀಚಿ ಮುನಿ ತನ್ನ ಪ್ರಾಣ ಬಿಟ್ಟು ಬೆನ್ನೆಲುಬನ್ನೇ ಆಯುಧಕ್ಕೆ ಕೊಟ್ಟ ಕಥೆ ನಮಗೆಲ್ಲ ಗೊತ್ತು. ಆ ಆಯುಧದಲ್ಲಿ ಶೌರ್ಯವೂ ಇದೆ, ದೇಹವನ್ನೇ ಕೊಟ್ಟ ತ್ಯಾಗವೂ ಇದೆ. ಮೊದಲ ಪರಮವೀರ ಚಕ್ರ ಮೇಜರ್ ಸೋಮನಾಥ ಶರ್ಮರಿಗೆ ಮರಣೋತ್ತರವಾಗಿ ಸಂದಿತು ಎಂಬುದನ್ನು ನೆನೆದರೆ ಈ ಆಯ್ಕೆಯ ಆಳ ಇನ್ನಷ್ಟು ತಿಳಿಯುತ್ತದೆ. ಕತ್ತಿ, ಗುರಾಣಿ, ನಕ್ಷತ್ರ ಎಲ್ಲವೂ ಕೈಗೆ ಸಿಗುವಂತಿದ್ದವು. ಆಕೆ ಈ ಪದಕಕ್ಕೆ ಮಾತ್ರ ಹೊಂದುವ ಒಂದನ್ನು ಹುಡುಕಿದರು.

ಇದಕ್ಕೆ ಎದುರಾಗಿ ಒಲಿಂಪಿಕ್ಸ್‌ನ ಉದಾಹರಣೆ ಇಡುತ್ತೇನೆ. 1928ರ ಆಮ್‌ಸ್ಟರ್‌ಡ್ಯಾಮ್ ಕೂಟಕ್ಕೆ ಇಟಲಿಯ ಜುಸೆಪ್ಪೆ ಕಸ್ಸಿಯೋಲಿ ಮಾಡಿದ ವಿನ್ಯಾಸದಲ್ಲಿ ವಿಜಯದೇವತೆ ನೈಕಿ ಕುಳಿತಿದ್ದಾಳೆ, ಹಿಂದೆ ರೋಮಿನ ಕೊಲೋಸಿಯಮ್ಮನ್ನು ಹೋಲುವ ರಂಗಮಂದಿರ. ಒಲಿಂಪಿಕ್ಸ್ ಹುಟ್ಟಿದ್ದು ಗ್ರೀಸಿನಲ್ಲಿ, ಕಟ್ಟಡ ರೋಮಿನದು. ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಅದೇ ಚಿತ್ರ 2000ದ ಸಿಡ್ನಿಯವರೆಗೂ ಬೇಸಿಗೆ ಕೂಟಗಳ ಪದಕದ ಮೇಲೆ ಉಳಿಯಿತು. 2004ರಲ್ಲಿ ಕೂಟ ಅಥೆನ್ಸ್‌ಗೆ ಹೋದಾಗ ಗ್ರೀಕರು ಅದನ್ನು ತೆಗೆದು, ನಿಂತು ಇಳಿದುಬರುವ ನೈಕಿಯನ್ನೂ ಅಥೆನ್ಸಿನದೇ ಕ್ರೀಡಾಂಗಣವನ್ನೂ ತಂದರು. ಒಮ್ಮೆ ಅಚ್ಚಿಗೆ ಬಿದ್ದ ತಪ್ಪು ಸಂಕೇತ ಎಷ್ಟು ಕಾಲ ಕೂತಿರುತ್ತದೆ ನೋಡಿ.

ನಮ್ಮ ಕನ್ನಡ ಸಂಘಗಳ ಪದಕಗಳಲ್ಲಿ ಕಾಣುವ, ಗ್ರೀಕ್ ಪರಂಪರೆಯ ಲಾರೆಲ್ ಎಲೆಗಳ ಮಾಲೆಯ ಬಗ್ಗೆ ನನಗಿರುವ ತಕರಾರೂ ಇದೇ. ಸಾಹಿತ್ಯದ ನೊಬೆಲ್ ಪದಕದ ಹಿಂಭಾಗದಲ್ಲಿ ಲಾರೆಲ್ ಮರದ ಕೆಳಗೆ ಕುಳಿತ ಯುವಕ ಕಾವ್ಯದೇವತೆಯ ಹಾಡನ್ನು ಬರೆದುಕೊಳ್ಳುತ್ತಿದ್ದಾನೆ. ಅಲ್ಲಿ ಆ ಎಲೆಗೆ ಬೇರಿದೆ. ನಮ್ಮ ಊರಿನ ರೈತನಿಗೆ ಕೊಡುವ ಪದಕದ ಸುತ್ತ ಭತ್ತದ ತೆನೆಯೋ ರಾಗಿ ತೆನೆಯೋ ಇರಲಿ. ಮಲೆನಾಡಿನ ಸಂಸ್ಥೆಗೆ ಅಡಿಕೆಯ ಹೊಂಬಾಳೆ ಎಷ್ಟು ಚೆನ್ನಾಗಿ ವೃತ್ತಕ್ಕೆ ಬಾಗುತ್ತದೆ! ನೇಕಾರರ ಸಹಕಾರ ಸಂಘಕ್ಕೆ ಲಾಳಿ, ಯಕ್ಷಗಾನ ಮೇಳಕ್ಕೆ ಕಿರೀಟ, ಕೃಷಿ ಸಂಶೋಧನೆಗೆ ಕೂರಿಗೆ. ನಿಮ್ಮ ಸಂಸ್ಥೆಯ ದಿನನಿತ್ಯದಲ್ಲಿ ಕೈಗೆ ತಗಲುವ ವಸ್ತು ಯಾವುದು ಎಂದು ಕೇಳಿಕೊಳ್ಳಿ, ಅಲ್ಲಿಂದ ಶುರು ಮಾಡಿ.

ಗಂಡಭೇರುಂಡ ಬೇಕು ಅನ್ನುವವರು ಬಹಳ. ಒಳ್ಳೆಯ ಆಯ್ಕೆಯೇ, ಆದರೆ ಎರಡು ಮಾತು. ರಾಜ್ಯ ಸರ್ಕಾರದ ಲಾಂಛನವನ್ನು ಹಾಗೇ ಎತ್ತಿ ಖಾಸಗಿ ಪದಕದ ಮೇಲೆ ಹಾಕಬೇಡಿ. ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆಗೆ 1950ರ ಕಾಯ್ದೆ ಇದೆ, ನಾಲ್ಕು ಸಿಂಹಗಳ ರಾಷ್ಟ್ರಲಾಂಛನಕ್ಕೆಂದೇ 2005ರ ಪ್ರತ್ಯೇಕ ಕಾಯ್ದೆ ಇದೆ. ಎರಡನೆಯದಾಗಿ, ಗಂಡಭೇರುಂಡಕ್ಕೆ ಸರ್ಕಾರಿ ರೂಪಕ್ಕಿಂತ ಹಳೆಯ, ಎಷ್ಟೋ ಸುಂದರವಾದ ರೂಪಗಳಿವೆ. ಬಳ್ಳಿಗಾವಿಯಲ್ಲಿ 1047ರ ಕಂಬದ ಮೇಲೆ ಮನುಷ್ಯ ದೇಹದ, ಎರಡು ಹಕ್ಕಿತಲೆಯ ಭೇರುಂಡನಿದ್ದಾನೆ. ಕೆಳದಿಯ ರಾಮೇಶ್ವರ ದೇವಾಲಯದ ಒಳಮಾಳಿಗೆಯಲ್ಲಿ ಆನೆ, ಸಿಂಹಗಳನ್ನು ಹಿಡಿದ ಭೇರುಂಡವಿದೆ. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯಗಳ ಮೇಲಿನ ಗಂಡಭೇರುಂಡವನ್ನಂತೂ ಪದಕ ಮಾಡಿಸುವ ಪ್ರತಿಯೊಬ್ಬರೂ ಒಮ್ಮೆ ಭೂತಗನ್ನಡಿಯಲ್ಲಿ ನೋಡಬೇಕು. ಬೆರಳಿನ ಉಗುರಿನಷ್ಟು ಜಾಗ. ಅದರಲ್ಲಿ ಎರಡು ತಲೆ, ಬಿಚ್ಚಿದ ರೆಕ್ಕೆ, ಕೊಕ್ಕು ಮತ್ತು ಕಾಲುಗಳಲ್ಲಿ ಆನೆಗಳು. ಗರಿ ಬಿಡಿಸಲು ಹೋಗಿಲ್ಲ. ದುಂಡು ದುಂಡಾದ ಉಬ್ಬು, ಕೆಲವೇ ಗೆರೆ. ಸವೆದ ನಾಣ್ಯದಲ್ಲೂ ಹಕ್ಕಿ ಗುರುತು ಸಿಗುತ್ತದೆ. ನಿಮ್ಮ ವಿನ್ಯಾಸವನ್ನು ಒಂದು ರೂಪಾಯಿ ನಾಣ್ಯದಷ್ಟು ಚಿಕ್ಕದಾಗಿ ಕಾಗದದ ಮೇಲೆ ಮುದ್ರಿಸಿ ನೋಡಿ. ಆಗಲೂ ಏನೆಂದು ತಿಳಿದರೆ ಅಚ್ಚಿಗೆ ಕೊಡಬಹುದು.

ಒಂದು ಮುಖಕ್ಕೆ ಒಂದೇ ಮಾತು ಸಾಕು. ಕರ್ನಾಟಕದ ನಕ್ಷೆ, ಅದರೊಳಗೆ ಭುವನೇಶ್ವರಿ, ಕೈಯಲ್ಲಿ ಧ್ವಜ, ಕೆಳಗೆ ತೆರೆದ ಪುಸ್ತಕ, ಮೇಲೆ ದೀಪ — ಐದೂ ಒಳ್ಳೆಯವೇ, ಐದೂ ಸೇರಿ ಐವತ್ತು ಮಿಲಿಮೀಟರಿನಲ್ಲಿ ಯಾವುದೂ ಕಾಣುವುದಿಲ್ಲ.

ದುಂಡಗೋ, ಬೇರೆ ಆಕಾರವೋ?

ದುಂಡು ಪದಕ ಅಗ್ಗ, ಗಟ್ಟಿ, ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ, ಒತ್ತುಯಂತ್ರದಲ್ಲಿ ಲೋಹ ಸಮನಾಗಿ ಹರಡುತ್ತದೆ. ಬೇರೆ ಆಕಾರಕ್ಕೆ ಅಂಚು ಕತ್ತರಿಸುವ ಇನ್ನೊಂದು ಅಚ್ಚು ಬೇಕು. ಆದರೂ ಆಕಾರವೇ ಗುರುತಾಗುವುದಾದರೆ ಆ ಖರ್ಚು ಸಾರ್ಥಕ. ಭಾರತ ರತ್ನ 1954ರ ಮೊದಲ ಅಧಿಸೂಚನೆಯ ಪ್ರಕಾರ 35 ಮಿಲಿಮೀಟರಿನ ದುಂಡನೆಯ ಚಿನ್ನದ ಪದಕವಾಗಬೇಕಿತ್ತು. ಮರುವರ್ಷವೇ ವಿನ್ಯಾಸ ಬದಲಾಗಿ ಅರಳಿ ಎಲೆ ಬಂತು: 5.8 ಸೆಂಟಿಮೀಟರ್ ಉದ್ದ, 4.7 ಅಗಲ, 3.1 ಮಿಲಿಮೀಟರ್ ದಪ್ಪ, ನಡುವೆ ಕಿರಣ ಬಿಡುವ ಸೂರ್ಯ. ಇವತ್ತು ಅರಳಿ ಎಲೆಯ ನೆರಳು ಕಂಡರೂ ಅದು ಭಾರತ ರತ್ನ ಎಂದು ಹೇಳಬಹುದು. ದುಂಡಗೇ ಉಳಿದಿದ್ದರೆ ಹತ್ತರಲ್ಲಿ ಹನ್ನೊಂದನೆಯದಾಗುತ್ತಿತ್ತು. ನಕ್ಷೆಯ ಆಕಾರ ಮಾತ್ರ ಬೇಡ. ಬೀದರಿನ ತುದಿ ಚೂಪಾಗಿ ಚುಚ್ಚುತ್ತದೆ, ಕರಾವಳಿಯ ಗೆರೆ ಅಂಕುಡೊಂಕಾಗಿ ಕಾಣುತ್ತದೆ.

ಬಂಗಾರ, ಬೆಳ್ಳಿ, ಕಂಚು, ಹಿತ್ತಾಳೆ, ಸತು

ಲೋಹವೇ ಗೌರವ ಅನ್ನುವ ನಂಬಿಕೆಯನ್ನು ದೊಡ್ಡ ಪದಕಗಳೇ ಸುಳ್ಳಾಗಿಸುತ್ತವೆ. ಪರಮವೀರ ಚಕ್ರ ಕಂಚಿನದು. ಅದರ ಕೆಳಗಿನ ಮಹಾವೀರ ಚಕ್ರ, ವೀರ ಚಕ್ರಗಳು ಬೆಳ್ಳಿಯವು. ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕ ವಿಕ್ಟೋರಿಯಾ ಕ್ರಾಸ್ ಕೂಡ ಕಂಚು. ಭಾರತ ರತ್ನದ ಮೈಯೂ ಕಂಚೇ, ಸೂರ್ಯ ಮತ್ತು ಅಂಚು ಪ್ಲಾಟಿನಂ. ಆದರೆ ಶಾಂತಿಕಾಲದ ಶೌರ್ಯಕ್ಕೆ ಕೊಡುವ ಅಶೋಕ ಚಕ್ರ ಪ್ರಶಸ್ತಿಯ ಸಾಲಿನಲ್ಲಿ ಲೋಹ ದರ್ಜೆಯನ್ನು ಹೇಳುತ್ತದೆ: ಅಶೋಕ ಚಕ್ರಕ್ಕೆ ಚಿನ್ನದ ಲೇಪ, ಕೀರ್ತಿ ಚಕ್ರಕ್ಕೆ ಬೆಳ್ಳಿ, ಶೌರ್ಯ ಚಕ್ರಕ್ಕೆ ಕಂಚು. ನಿಮ್ಮಲ್ಲಿ ಒಂದೇ ಪ್ರಶಸ್ತಿ ಇದ್ದರೆ ಕಂಚಿಗೆ ಅಂಜಬೇಡಿ. ಮೂರು ದರ್ಜೆ ಇದ್ದರೆ ಜನ ಕ್ರೀಡಾಕೂಟದ ಕಣ್ಣಿನಿಂದಲೇ ನೋಡುತ್ತಾರೆ, ಆಗ ಕಂಚು ಮೂರನೆಯದಾಗುವುದನ್ನು ತಪ್ಪಿಸಲಾಗದು.

ಬಂಗಾರದ ಲೆಕ್ಕವನ್ನು ಎದುರಿಗಿಟ್ಟುಕೊಂಡು ನೋಡೋಣ. 50 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಬಿಲ್ಲೆ ಹಿತ್ತಾಳೆಯಲ್ಲಿ ಸುಮಾರು 50 ಗ್ರಾಂ ತೂಗುತ್ತದೆ, ಬೆಳ್ಳಿಯಲ್ಲಿ 60ರ ಆಸುಪಾಸು, 22 ಕ್ಯಾರೆಟ್ ಚಿನ್ನದಲ್ಲಿ ನೂರು ಗ್ರಾಂ ದಾಟುತ್ತದೆ. ಹತ್ತು ಗ್ರಾಂ ಚಿನ್ನವೇ ನಿಮ್ಮ ಮಿತಿ ಅಂದರೆ, 25 ಮಿಲಿಮೀಟರ್ ಅಗಲದ ಬಿಲ್ಲೆಗೆ ಸಿಗುವ ದಪ್ಪ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಅದರಲ್ಲಿ ಉಬ್ಬು ಬರುವುದಿಲ್ಲ, ಮುಖ ಬರುವುದಿಲ್ಲ, ಗೀಚಿದಂಥ ಚಿತ್ರ ಮಾತ್ರ ಬರುತ್ತದೆ. ಕರ್ನಾಟಕ ರತ್ನದ ಜೊತೆ 50 ಗ್ರಾಂ ಚಿನ್ನದ ಪದಕ ಕೊಡುವ ಶಕ್ತಿ ಸರ್ಕಾರಕ್ಕಿದೆ. ದತ್ತಿಯ ಬಡ್ಡಿಯಲ್ಲಿ ನಡೆಯುವ ಪದಕಕ್ಕೆ ಚಿನ್ನದ ಬೆಲೆ ಏರಿದ ಹಾಗೆಲ್ಲ ಬಿಲ್ಲೆ ತೆಳ್ಳಗಾಗುತ್ತ ಹೋಗುತ್ತದೆ. ಒಂದೇ ಪದಕಕ್ಕೆ ಮೊದಲ ವರ್ಷದವರದು ದಪ್ಪ, ಹತ್ತನೆಯ ವರ್ಷದವರದು ಕಾಗದ. ಇದು ಪಡೆದವರಿಗೆ ನೋವು ಕೊಡುವ ಸಂಗತಿ.

ಹಾಗಾಗಿ ನನ್ನ ಸಲಹೆ: ಬೆಳ್ಳಿಯ ಮೇಲೆ ಚಿನ್ನದ ಲೇಪ, ಹಾಗೆಂದು ಪ್ರಶಸ್ತಿಪತ್ರದಲ್ಲಿ ಸ್ಪಷ್ಟವಾಗಿ ಬರೆಯುವುದು. ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಒಲಿಂಪಿಕ್ಸ್‌ನಲ್ಲಿ ಪೂರ್ತಿ ಚಿನ್ನದ ಪದಕ ಕೊನೆಯ ಬಾರಿ ಕೊಟ್ಟಿದ್ದು 1912ರ ಸ್ಟಾಕ್‌ಹೋಮ್‌ನಲ್ಲಿ. ಈಗಿನದು ಬೆಳ್ಳಿಯ ಪದಕ, ಮೇಲೆ ಕನಿಷ್ಠ ಆರು ಗ್ರಾಂ ಚಿನ್ನ. ನೊಬೆಲ್ ಪದಕ ಕೂಡ ಮೊದಲು 23 ಕ್ಯಾರೆಟ್ ಇದ್ದದ್ದು 1980ರಿಂದ 18 ಕ್ಯಾರೆಟ್ಟಿಗೆ ಇಳಿದಿದೆ, ಅದರಿಂದ ಅದರ ಬೆಲೆ ಯಾರ ಕಣ್ಣಲ್ಲೂ ಕಡಿಮೆಯಾಗಿಲ್ಲ. ನಿಜ ಚಿನ್ನವೇ ಕೊಡುವುದಾದರೆ ಬಿಐಎಸ್ ಹಾಲ್‌ಮಾರ್ಕ್ ಕೇಳಿ, 916 ಗುರುತು ನೋಡಿಕೊಳ್ಳಿ.

ಹಿತ್ತಾಳೆ ನಮ್ಮ ಸಂಘಗಳಿಗೆ ಎಲ್ಲಕ್ಕಿಂತ ಹೊಂದುವ ಲೋಹ. ಒತ್ತಿದರೆ ಚಿತ್ರ ಚೆನ್ನಾಗಿ ಏಳುತ್ತದೆ, ತೂಕವಿರುತ್ತದೆ, ಬೇಕಾದ ಲೇಪ ಹಿಡಿಯುತ್ತದೆ. ಸತುವಿನ ಮಿಶ್ರಲೋಹ ಅಗ್ಗ, ಹಗುರ. ಮ್ಯಾರಥಾನ್‌ನಂಥ ಸಾವಿರಾರು ಪದಕಗಳ ಕೆಲಸಕ್ಕೆ ಸರಿ, ಜೀವಮಾನದ ಸಾಧನೆಗೆ ಬೇಡ. ಅಕ್ರಿಲಿಕ್ಕಿನ ಮೇಲೆ ಬಣ್ಣದ ಮುದ್ರಣವನ್ನು ನಾನು ಪದಕ ಎಂದು ಎಣಿಸುವುದಿಲ್ಲ.

ಲೋಹಕ್ಕೇ ಒಂದು ಕಥೆ ಇದ್ದರೆ ಅದು ಸಂಕೇತದಷ್ಟೇ ಗಟ್ಟಿ. 2020ರ ಟೋಕಿಯೊ ಕೂಟದ ಪದಕಗಳಿಗೆ ಜನ ಕೊಟ್ಟ ಹಳೆಯ ಮೊಬೈಲು, ಎಲೆಕ್ಟ್ರಾನಿಕ್ ಸಾಮಾನುಗಳಿಂದ 32 ಕಿಲೊ ಚಿನ್ನ, 3,500 ಕಿಲೊ ಬೆಳ್ಳಿ, 2,200 ಕಿಲೊ ಕಂಚು ತೆಗೆದರು. 2024ರ ಪ್ಯಾರಿಸ್ ಪದಕದ ನಡುವೆ ಐಫೆಲ್ ಗೋಪುರದಿಂದಲೇ ತೆಗೆದ 18 ಗ್ರಾಂ ಕಬ್ಬಿಣ ಷಟ್ಕೋನವಾಗಿ ಕೂತಿದೆ. ನೂರು ವರ್ಷದ ಶಾಲೆಯ ಒಡೆದ ಹಿತ್ತಾಳೆ ಗಂಟೆ ಉಗ್ರಾಣದಲ್ಲಿ ಬಿದ್ದಿದ್ದರೆ, ಅದನ್ನು ಕರಗಿಸಿ ಶತಮಾನೋತ್ಸವದ ಪದಕಕ್ಕೆ ಬೆರೆಸಿ. ಹಳೆ ವಿದ್ಯಾರ್ಥಿಗಳಿಗೆ ಅದಕ್ಕಿಂತ ದೊಡ್ಡ ಬಂಗಾರ ಇಲ್ಲ.

ಒತ್ತಿದ್ದೋ, ಎರಕವೋ?

ಇದನ್ನು ಸಂಖ್ಯೆ ನೋಡಿ ನಿರ್ಧರಿಸಬಹುದು. ಉಕ್ಕಿನ ಅಚ್ಚು, ಅಂದರೆ ಡೈ, ಕೊರೆಸಲು ಒಮ್ಮೆ ದೊಡ್ಡ ಖರ್ಚು. ಆಮೇಲೆ ಪ್ರತಿ ಪದಕಕ್ಕೆ ಕಡಿಮೆ. ಗೆರೆ ಚೂಪಾಗಿ, ಅಕ್ಷರ ಸ್ಪಷ್ಟವಾಗಿ ಬರುತ್ತದೆ. ಪ್ರತಿ ವರ್ಷ ಕೊಡುವ ಪದಕಕ್ಕೆ, ನೂರರ ಲೆಕ್ಕದ ಪದಕಕ್ಕೆ ಇದೇ ದಾರಿ. ಐದೋ ಹತ್ತೋ ಮಾತ್ರ ಬೇಕಾದರೆ ಮೇಣದ ಅಚ್ಚಿನ ಎರಕ ಒಳ್ಳೆಯದು. ಪ್ರತಿಯೊಂದನ್ನೂ ಅರದಿಂದ ಉಜ್ಜಿ, ಉಳಿಯಿಂದ ತಿದ್ದಬೇಕು. ವಿಕ್ಟೋರಿಯಾ ಕ್ರಾಸನ್ನು ಈಗಲೂ ಎರಕ ಹೊಯ್ದು ಕೈಯಿಂದ ತಿದ್ದುತ್ತಾರೆ. ಎರಕದಲ್ಲಿ ಉಬ್ಬು ಎತ್ತರ ಬರುತ್ತದೆ, ಅಕ್ಷರ ಮೊಂಡಾಗುತ್ತದೆ. ಬರಹ ಕಡಿಮೆ, ಶಿಲ್ಪ ಹೆಚ್ಚು ಇರುವ ಪದಕಕ್ಕೆ ಅದು ಸೊಗಸು.

ಮೆರುಗಿನಲ್ಲಿ ಆಂಟಿಕ್ ಫಿನಿಶ್ ಕಡೆಗೇ ನನ್ನ ಮತ. ತಗ್ಗಿನಲ್ಲಿ ಕಪ್ಪು ಉಳಿದು ಉಬ್ಬು ಹೊಳೆಯುವುದರಿಂದ ಚಿತ್ರ ಓದಲು ಸಿಗುತ್ತದೆ. ಕನ್ನಡಿಯಂಥ ಮೆರುಗಿನಲ್ಲಿ ಫ್ಲಾಶ್ ಹೊಡೆದು ಫೋಟೊದಲ್ಲಿ ಬರೀ ಬಿಳಿ ಚುಕ್ಕೆ ಕಾಣುತ್ತದೆ, ಬೆರಳಿನ ಗುರುತೂ ಉಳಿಯುತ್ತದೆ. ಮೇಲೆ ಬಳಿಯುವ ಲ್ಯಾಕರ್, ಅಂದರೆ ಬಣ್ಣ ಕೆಡದಂತೆ ಕಾಯುವ ಪಾರದರ್ಶಕ ಲೇಪದ ಬಗ್ಗೆ ಕೇಳಿಯೇ ಕೊಡಿ. ಪ್ಯಾರಿಸ್ಸಿನ ಕೆಲವು ಕಂಚಿನ ಪದಕಗಳು ವಾರಗಳಲ್ಲೇ ಬಣ್ಣಗೆಟ್ಟು, ಅಲ್ಲಿನ ಟಂಕಸಾಲೆ ಬದಲಿ ಪದಕ ಕೊಡಬೇಕಾಯಿತು.

ಕನ್ನಡ ಅಕ್ಷರ

ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಅಚ್ಚುಕಟ್ಟಾಗಿ ನಿಲ್ಲುತ್ತವೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. 'ಸ್ವಾತಂತ್ರ್ಯ', 'ರಾಷ್ಟ್ರೀಯ' ಎಂಬಂಥ ಮಾತುಗಳನ್ನು ಪದಕದ ಅಂಚಿನಲ್ಲಿ ಬಾಗಿಸಿ ಬರೆಯುವಾಗ ಏನಾಗುತ್ತದೆ ನೋಡಿ. ಮೇಲಿನ ಕಮಾನಿನಲ್ಲಿ ಒತ್ತಕ್ಷರಗಳು ನಡುವಿನ ಕಡೆಗೆ ಇಳಿಯುತ್ತವೆ, ಒಂದಕ್ಕೊಂದು ಹತ್ತಿರವಾಗಿ ಇಕ್ಕಟ್ಟಾಗುತ್ತವೆ. ಕೆಳಗಿನ ಕಮಾನಿನಲ್ಲಿ ಅದೇ ಒತ್ತುಗಳು ಹೊರಗಿನ ಅಂಚಿಗೆ ತಾಗುತ್ತವೆ. ಹಾಗಾಗಿ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಒಂದೇ ಅಂತರ ಇಟ್ಟರೆ ಎರಡರಲ್ಲಿ ಒಂದು ಕೆಡುತ್ತದೆ. ಒತ್ತು ಹೆಚ್ಚಿರುವ ಮಾತನ್ನು ಮೇಲಿನ ಕಮಾನಿಗೆ ಕೊಟ್ಟು ಅಕ್ಷರಗಳ ನಡುವೆ ಜಾಗ ಬಿಡಿ. ಊರು, ಇಸವಿಯಂಥ ಸರಳ ಮಾತು ಕೆಳಗಿರಲಿ.

ಅಕ್ಷರದ ಮೈ, ಒತ್ತು ಬಿಟ್ಟು, ಎರಡು ಮಿಲಿಮೀಟರಿಗಿಂತ ಕಡಿಮೆಯಾದರೆ 'ಕ'ದ ಒಳಗಿನ ಕಣ್ಣು, 'ಠ'ದ ಚುಕ್ಕೆ ಲೇಪದಲ್ಲಿ ಮುಚ್ಚಿಹೋಗುತ್ತದೆ. ಗೆರೆ ಎಲ್ಲೆಡೆ ಒಂದೇ ದಪ್ಪ ಇರುವ ಅಕ್ಷರರೂಪ ಆರಿಸಿ. ತೆಳು-ದಪ್ಪ ಬಳುಕುವ ಅಲಂಕಾರಿಕ ಅಕ್ಷರ ಆಮಂತ್ರಣ ಪತ್ರಿಕೆಗೆ ಚೆಂದ, ಲೋಹದಲ್ಲಿ ತೆಳು ಗೆರೆ ಮಾಯವಾಗುತ್ತದೆ.

ಕಡತ ಕಳಿಸುವಾಗಲೂ ಎಚ್ಚರ ಬೇಕು. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಮಾಡಿದ ಕಡತ ಅಚ್ಚು ಮಾಡುವವರ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಯೂನಿಕೋಡ್ ಆದರೂ ತಂತ್ರಾಂಶ ಹಳೆಯದಿದ್ದರೆ 'ಸುವರ್ಣ'ದ ಅರ್ಕಾವತ್ತು ಒಡೆದು ಬೇರೆಯಾಗಿ ನಿಲ್ಲುತ್ತದೆ. ಕನ್ನಡ ಓದಲು ಬಾರದವರು ಅಚ್ಚು ಕೊರೆಯುವ ಸಾಧ್ಯತೆಯೂ ಇದೆ, ಅವರಿಗೆ ಅದು ಚಿತ್ರ ಮಾತ್ರ. ಅಕ್ಷರಗಳನ್ನೆಲ್ಲ ಕರ್ವ್ಸ್‌ಗೆ, ಅಂದರೆ ಬರೀ ಗೆರೆಗಳ ಚಿತ್ರಕ್ಕೆ ಬದಲಿಸಿ, ಜೊತೆಗೆ ಪಿಡಿಎಫ್ ಇಟ್ಟು ಕಳಿಸಿ. ಅಚ್ಚಿನ ಫೋಟೊ ನೋಡಿ ಒಪ್ಪಬೇಡಿ, ಅದು ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮೇಣದಲ್ಲೋ ಸೀಸದಲ್ಲೋ ಒತ್ತಿದ ಒಂದು ಮಾದರಿ ಕೇಳಿ. ಸಮಿತಿಯಲ್ಲಿ ಇಲ್ಲದ, ಅದನ್ನು ಮೊದಲ ಬಾರಿ ನೋಡುವ ಒಬ್ಬರ ಕೈಗೆ ಕೊಟ್ಟು ಜೋರಾಗಿ ಓದಿಸಿ. ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕವನ್ನು 1933ರಲ್ಲಿ ಕೆನಡಾದ ಶಿಲ್ಪಿ ರಾಬರ್ಟ್ ಟೇಟ್ ಮೆಕೆಂಜಿ ರೂಪಿಸಿದರು. ಅದರ ಮೇಲೆ ರೋಮನ್ ಅಂಕಿಗಳಲ್ಲಿ ಬರೆದ ಇಸವಿಯಲ್ಲಿ 'ಎಂ' ಇರಬೇಕಾದ ಕಡೆ 'ಎನ್' ಬಿದ್ದಿದೆ, ಇಂದಿಗೂ ಹಾಗೇ ಇದೆ.

ಕೊರಳಿಗೋ, ಎದೆಗೋ, ಪೆಟ್ಟಿಗೆಗೋ?

ಎದೆಗೆ ಸಿಕ್ಕಿಸುವ ಪದಕ ಸಮವಸ್ತ್ರದವರಿಗೆ; ಪರಮವೀರ ಚಕ್ರದ ಅಗಲ 35 ಮಿಲಿಮೀಟರಿನ ಆಸುಪಾಸು. ಪೆಟ್ಟಿಗೆಯಲ್ಲಿಟ್ಟು ಕೊಡುವ ಮೇಜಿನ ಪದಕ ದೊಡ್ಡದಿರಬಹುದು; ನೊಬೆಲ್ 66, ಫೀಲ್ಡ್ಸ್ 63.5 ಮಿಲಿಮೀಟರ್, ಎರಡಕ್ಕೂ ರಿಬ್ಬನ್ ಇಲ್ಲ. ಕೊರಳ ಪದಕಕ್ಕೆ 50ರಿಂದ 55 ಸಾಕು. ಒಲಿಂಪಿಕ್ಸ್‌ನಲ್ಲೂ ಕೊರಳಿಗೆ ಹಾಕುವ ಪದ್ಧತಿ ಬಂದಿದ್ದು 1960ರ ರೋಮ್ ಕೂಟದಿಂದ.

ನಮ್ಮ ಸನ್ಮಾನದ ರೀತಿಗೆ ಯಾವುದು ಹೊಂದುತ್ತದೆ? ಹಾರ, ಶಾಲು, ಮೈಸೂರು ಪೇಟ, ಫಲತಾಂಬೂಲ, ಆಮೇಲೆ ಪದಕ. ರಿಬ್ಬನ್ನಿನ ಕುಣಿಕೆ ಪೇಟಕ್ಕೆ ಸಿಕ್ಕಿ, ಎಂಬತ್ತರ ಹಿರಿಯರು ವೇದಿಕೆಯ ಮೇಲೆ ತಲೆ ಬಗ್ಗಿಸಿ ಮುಜುಗರಪಡುವುದನ್ನು ನೀವೂ ನೋಡಿರುತ್ತೀರಿ. ಪದಕ ಶಾಲಿನ ಮಡಿಕೆಯೊಳಗೆ ಹೋಗಿ ಫೋಟೊದಲ್ಲಿ ಕಾಣುವುದೇ ಇಲ್ಲ. ಕೊರಳ ಪದಕವೇ ಬೇಕಾದರೆ ರಿಬ್ಬನ್ನಿಗೆ ಹಿಂದೆ ಕೊಕ್ಕೆ ಹಾಕಿಸಿ, ಶಾಲು ಮತ್ತು ಹಾರದ ನಂತರ, ಪೇಟಕ್ಕೆ ಮೊದಲು ತೊಡಿಸಿ. ಹಿರಿಯರಿಗಾದರೆ ತೆರೆದ ಪೆಟ್ಟಿಗೆಯಲ್ಲಿ, ಎರಡೂ ಕೈಯಲ್ಲಿ ಕೊಡುವುದು ನನಗೆ ಹೆಚ್ಚು ಗೌರವದ್ದಾಗಿ ಕಾಣುತ್ತದೆ. ಪೆಟ್ಟಿಗೆಯ ಹಾಸು ಪದಕವನ್ನು ಸುಲಭವಾಗಿ ಎತ್ತಿ ಹಿಂಭಾಗ ನೋಡುವಂತಿರಲಿ. ರಿಬ್ಬನ್ನಿಗೆ ಅರಿಶಿನ-ಕೆಂಪು ಎಲ್ಲರೂ ಹಾಕುತ್ತಾರೆ. ಪರಮವೀರ ಚಕ್ರಕ್ಕೆ ಬರೀ ನೇರಳೆ, ಭಾರತ ರತ್ನಕ್ಕೆ ಬರೀ ಬಿಳಿ ಎಂಬುದನ್ನು ನೆನಪಿಡಿ. ಒಂದೇ ಬಣ್ಣಕ್ಕೂ ಘನತೆ ಇದೆ.

ಹೆಸರು ಎಲ್ಲಿ ಕೊರೆಸುವುದು?

ಹೆಸರಿಲ್ಲದ ಪದಕ ಎರಡನೆಯ ತಲೆಮಾರಿಗೆ ಅನಾಥ. ಸ್ವೀಡನ್ನಿನಲ್ಲಿ ಕೊಡುವ ನೊಬೆಲ್ ಪದಕಗಳಲ್ಲಿ ಹೆಸರು ಹಿಂಭಾಗದ ಚಿತ್ರದ ಕೆಳಗಿನ ಪಟ್ಟಿಯಲ್ಲಿ, ಶಾಂತಿ ಪದಕದಲ್ಲಿ ಮತ್ತು ಫೀಲ್ಡ್ಸ್ ಪದಕದಲ್ಲಿ ಅಂಚಿನ ದಪ್ಪದ ಮೇಲೆ. ಹೆಸರಿನ ಬಲ ಎಷ್ಟು ಎನ್ನುವುದಕ್ಕೆ 1940ರ ಕೋಪನ್‌ಹೇಗನ್ ಸಾಕ್ಷಿ. ಜರ್ಮನ್ ಸೈನ್ಯ ಊರೊಳಗೆ ಬಂದಾಗ ನೀಲ್ಸ್ ಬೋರರ ಸಂಸ್ಥೆಯಲ್ಲಿ ಜರ್ಮನಿಯ ಭೌತವಿಜ್ಞಾನಿಗಳಾದ ಮ್ಯಾಕ್ಸ್ ಫಾನ್ ಲಾವೆ ಮತ್ತು ಜೇಮ್ಸ್ ಫ್ರಾಂಕ್ ಅವರ ಚಿನ್ನದ ನೊಬೆಲ್ ಪದಕಗಳಿದ್ದವು. ಜರ್ಮನಿಯಿಂದ ಚಿನ್ನ ಹೊರಗೆ ಕಳಿಸುವುದು ಭಾರಿ ಅಪರಾಧ, ಪದಕದ ಮೇಲೆ ಹೆಸರು ಕೊರೆದಿದೆ, ಸಿಕ್ಕಿದರೆ ಅದೇ ಸಾಕ್ಷಿ. ರಸಾಯನಶಾಸ್ತ್ರಜ್ಞ ಗೆಯೋರ್ಗ್ ಡಿ ಹೆವೆಶಿ ಎರಡನ್ನೂ ರಾಜಾಮ್ಲದಲ್ಲಿ ಕರಗಿಸಿ ಶೀಷೆಯಲ್ಲಿ ಕಪಾಟಿನ ಮೇಲಿಟ್ಟರು. ಯುದ್ಧ ಮುಗಿದ ಮೇಲೆ ಆ ಚಿನ್ನವನ್ನು ಮರಳಿ ತೆಗೆದು, ಅದರಿಂದಲೇ ಪದಕಗಳನ್ನು ಮತ್ತೆ ಟಂಕಿಸಿದರು.

ಕನ್ನಡದಲ್ಲಿ ಹೆಸರು ಕೊರೆಸುವುದಾದರೆ ಅಂಚು ಬೇಡ. ಮೂರು ಮಿಲಿಮೀಟರ್ ದಪ್ಪದಲ್ಲಿ ಒತ್ತಕ್ಷರ ಕೂರುವುದಿಲ್ಲ. ಹಿಂಭಾಗದ ನಡುವೆ ನುಣುಪಾದ ಜಾಗ ಬಿಟ್ಟು ವಿನ್ಯಾಸ ಮಾಡಿಸಿ, ಪ್ರತಿ ವರ್ಷ ಹೆಸರು ಮತ್ತು ಇಸವಿಯನ್ನು ಲೇಸರಿನಲ್ಲೋ ಕೈಯಲ್ಲೋ ಕೊರೆಸಿ. ಇಸವಿಯನ್ನು ಅಚ್ಚಿನೊಳಗೆ ಸೇರಿಸಿದರೆ ಮರುವರ್ಷ ಹೊಸ ಅಚ್ಚಿನ ಖರ್ಚು ಬೀಳುತ್ತದೆ. ಒಂದೇ ಬಾರಿ ಕೊಡುವ ಸುವರ್ಣ ಮಹೋತ್ಸವದ ಪದಕಕ್ಕೆ ಮಾತ್ರ ಇಸವಿ ಅಚ್ಚಿನಲ್ಲೇ ಇರಲಿ.

ಅಚ್ಚು ಯಾರ ಹತ್ತಿರ?

ದರಪಟ್ಟಿ ತರಿಸುವಾಗ ಹೆಚ್ಚಿನವರು ಮರೆಯುವ ಪ್ರಶ್ನೆ ಇದು. ಅಚ್ಚಿಗೆ ದುಡ್ಡು ಕೊಟ್ಟವರು ನೀವು, ಅಚ್ಚು ಉಳಿಯುವುದು ಅಂಗಡಿಯಲ್ಲಿ. ಅಂಗಡಿ ಮುಚ್ಚಿದರೆ, ಮಾಲೀಕರು ಬದಲಾದರೆ ಪದಕ ಅಲ್ಲಿಗೇ ನಿಂತಿತು. ಆರ್ಡರ್ ಕೊಡುವ ಪತ್ರದಲ್ಲೇ ಅಚ್ಚು ಸಂಸ್ಥೆಯ ಸ್ವತ್ತು, ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕು ಎಂದು ಬರೆಯಿಸಿ. ಬಂದ ಮೇಲೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ನೋಂದಣಿ ಪತ್ರಗಳ ಜೊತೆ ಬೀರುವಿನಲ್ಲಿಡಿ. ಮಣ್ಣಿನ ಮಾದರಿಯ ಸ್ಕ್ಯಾನ್ ಕಡತ, ಕರ್ವ್ಸ್ ಮಾಡಿದ ವಿನ್ಯಾಸದ ಕಡತ, ಲೋಹ-ಅಳತೆ-ಲೇಪದ ವಿವರ, ಪಡೆದವರ ಪಟ್ಟಿ, ಹೆಸರಿಲ್ಲದ ಒಂದು ಮಾದರಿ ಪದಕ ಇವೂ ಅಲ್ಲೇ ಇರಲಿ. 2004ರ ಮಾರ್ಚಿನಲ್ಲಿ ಶಾಂತಿನಿಕೇತನದಿಂದ ರವೀಂದ್ರನಾಥ ಟಾಗೋರರ ನೊಬೆಲ್ ಪದಕ ಕಳುವಾಯಿತು, ಮೂಲ ಪದಕ ಮರಳಿ ಸಿಗಲಿಲ್ಲ. ಆಮೇಲೆ ಸ್ವೀಡನ್ನಿನವರು ಚಿನ್ನದ್ದೊಂದು, ಕಂಚಿನದ್ದೊಂದು ಪ್ರತಿಕೃತಿ ಮಾಡಿಸಿ ವಿಶ್ವಭಾರತಿಗೆ ಕೊಟ್ಟರು. 1913ರ ಪದಕವನ್ನು ತೊಂಬತ್ತು ವರ್ಷ ದಾಟಿದ ಮೇಲೂ ಅದೇ ರೂಪದಲ್ಲಿ ಮತ್ತೆ ಮಾಡಿಕೊಡುವ ವ್ಯವಸ್ಥೆ ಅವರಲ್ಲಿತ್ತು.